ಪೈಲವಾನ ಖಾಶಾಬಾ ಜಾಧವ

ಮಕ್ಕಳೇ, ನೀವು ಜಾತ್ರೆಯಲ್ಲಿ ಕುಸ್ತಿ ನೋಡಿರುವಿರಲ್ಲವೇ? ಖಾಶಾಬಾ ಜಾಧವರು 1926ರಲ್ಲಿ ಸಾತಾರಾ ಜಿಲ್ಲೆಯ ಗೋಳೇಶ್ವರದಲ್ಲಿ ಹುಟ್ಟಿದರು. ತಂದೆಯಿಂದ ಕುಸ್ತಿ ಕಲಿತರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆರನೆಯವರಾದರು. ಎದೆಗುಂದದೆ ಅಭ್ಯಾಸ ಮಾಡಿ, 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕ ಗೆದ್ದರು. ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತಕ್ಕೆ ದೊರೆತ ಮೊದಲ ವೈಯಕ್ತಿಕ ಪದಕ ಅದು. ಆದರೆ ಮುಂದಿನ ಒಲಿಂಪಿಕ್ಸ್‌ಗೆ ಮೊದಲೇ ಅವರ ಮೊಣಕಾಲಿಗೆ ಬಲವಾದ ಪೆಟ್ಟಾಯಿತು. ಅಲ್ಲಿ ಮತ್ತೆ ಸೆಣಸಲು ಆಗಲಿಲ್ಲ. 1984ರಲ್ಲಿ ಅವರು ತೀರಿಕೊಂಡರು.

ಇಂದು ಮೊಣಕಾಲಿನ ಒಳಗಿನ ಪೆಟ್ಟನ್ನು ಎಂ.ಆರ್.ಐ. ಯಂತ್ರ ಚಿತ್ರ ತೆಗೆದು ತೋರಿಸುತ್ತದೆ. ವೈದ್ಯರು ಚಿಕ್ಕ ರಂಧ್ರದ ಮೂಲಕವೇ ಅದನ್ನು ಸರಿಪಡಿಸಬಲ್ಲರು. ನೀವೂ ಆಡುವ ಮೊದಲು ಮೈ ಬಿಸಿ ಮಾಡಿಕೊಳ್ಳಿರಿ. ಪೆಟ್ಟಾದರೆ ಆಟ ನಿಲ್ಲಿಸಿ ಗುರುಗಳಿಗೆ ಹೇಳಿರಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿರಿ. ತಿಕ್ಕಬೇಡಿರಿ, ಎಳೆಯಬೇಡಿರಿ. ಬಾವು ಇಳಿಯದಿದ್ದರೆ ವೈದ್ಯರಿಗೆ ತೋರಿಸಿರಿ. ಮೈ ಚೆನ್ನಾಗಿದ್ದರೆ ತಾನೇ ನಾಳೆಯೂ ಆಟ!