ಉಳಿದ ದಿನಗಳ ಸದ್ವಿನಿಯೋಗ: ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳು

ಹುಟ್ಟಿದವನಿಗೆ ಸಾವು ನಿಶ್ಚಿತವೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ದೇವರ ಮುಂದೆ ಕೈಮುಗಿದು ನಿಂತಾಗಲೂ ಆಯುಷ್ಯ ಕೊಡೆಂದು ಬೇಡುವವರೇ ಹೆಚ್ಚು. ಕೊಟ್ಟ ಆಯುಷ್ಯವನ್ನು ಹೇಗೆ ಬಳಸಲೆಂದು ಕೇಳುವವರು ವಿರಳ. ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟು ಹೋದ ಹಿರಿಯರೊಬ್ಬರು ನಮ್ಮ ಕಾಸರಗೋಡಿನ ನೆಲದಲ್ಲೇ ಇದ್ದರು. ಅವರೇ ಕೀರ್ತಿಶೇಷ ಮಂಜೇಶ್ವರ ಗೋವಿಂದ ಪೈಗಳು. ಉತ್ಸವದ ಈ ಶುಭ ಸಂದರ್ಭದಲ್ಲಿ ಅವರನ್ನು ಸ್ಮರಿಸುವುದು ನಮ್ಮ ಭಾಗ್ಯವೆಂದು ಭಾವಿಸುತ್ತೇವೆ.

ಪೈಗಳು 1883ನೇ ಇಸವಿ ಮಾರ್ಚ್ 23ರಂದು ಮಂಜೇಶ್ವರದಲ್ಲಿ, ತಾಯಿಯ ತವರುಮನೆಯಲ್ಲಿ ಜನಿಸಿದರು. ತಂದೆ ಮಂಗಳೂರಿನ ಸಾಹುಕಾರ ತಿಮ್ಮಪ್ಪ ಪೈಗಳು, ತಾಯಿ ದೇವಕಿಯಮ್ಮ. ಮಂಗಳೂರಿನಲ್ಲಿ ಓದುವಾಗ ಪಂಜೆ ಮಂಗೇಶರಾಯರಂಥ ಗುರುಗಳು ದೊರೆತರು. ಮುಂದೆ ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ಬಿ.ಎ. ಪರೀಕ್ಷೆಯ ಹೊತ್ತಿಗೆ ತಂದೆಯವರ ನಿಮಿತ್ತ ಊರಿಗೆ ಮರಳಬೇಕಾಯಿತು. ಬರೆದ ಇಂಗ್ಲಿಷಿನಲ್ಲಿ ಚಿನ್ನದ ಪದಕ ಬಂತು. ಪದವಿ ಮಾತ್ರ ಕೈಗೆ ಬರಲಿಲ್ಲ. ಪದವಿ ತಪ್ಪಿತೆಂದು ಅವರು ಓದು ನಿಲ್ಲಿಸಲಿಲ್ಲ. ಮನೆಯನ್ನೇ ಗ್ರಂಥಾಲಯ ಮಾಡಿಕೊಂಡು, ದೇಶವಿದೇಶಗಳ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳ ಪರಿಚಯ ಮಾಡಿಕೊಂಡರೆಂದು ಬಲ್ಲವರು ಹೇಳುತ್ತಾರೆ.

1911ರಲ್ಲಿ, 28ನೆಯ ವಯಸ್ಸಿಗೆ, ಸಾವಿರ ವರ್ಷಗಳ ಸಂಪ್ರದಾಯವಾಗಿದ್ದ ಆದಿಪ್ರಾಸವನ್ನು ಕೈಬಿಟ್ಟು ಕವಿತೆ ಬರೆಯಲು ತೊಡಗಿದರು. ಪಂಡಿತರಿಂದ ಟೀಕೆ ಬಂತು. ಅವರು ಹಿಂಜರಿಯಲಿಲ್ಲ. ಹೊಸಗನ್ನಡ ಕಾವ್ಯ ಆ ದಾರಿಯಲ್ಲೇ ಮುಂದೆ ಸಾಗಿತು.

1927ರಲ್ಲಿ ಧರ್ಮಪತ್ನಿ ಕೃಷ್ಣಾಬಾಯಿಯವರು ತೀರಿಕೊಂಡರು. ಆಗ ಪೈಗಳಿಗೆ 44 ವರ್ಷ. ಮನೆ ಬರಿದಾದಾಗ ಮನಸ್ಸೂ ಬರಿದಾಗುವುದು ಲೋಕದ ರೂಢಿ. ಇನ್ನೇನಿದೆ, ದಿನ ಕಳೆದರೆ ಸಾಕು ಎಂದು ಕುಳಿತುಬಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಅವರ ಮುಂದೆ ಇನ್ನೂ 36 ವರ್ಷಗಳ ಆಯುಷ್ಯವಿತ್ತು. ಅದು ಅವರಿಗೂ ತಿಳಿದಿರಲಿಲ್ಲ, ಯಾರಿಗೂ ತಿಳಿಯುವುದಿಲ್ಲ. ಆ 36 ವರ್ಷಗಳೇ ಅವರ ಬಾಳಿನ ಫಲ ತುಂಬಿದ ಕಾಲವಾಯಿತು.

1930ರಲ್ಲಿ 'ಗಿಳಿವಿಂಡು' ಕವನ ಸಂಕಲನ ಹೊರಬಂತು. 1937ರಲ್ಲಿ 'ಗೊಲ್ಗೊಥಾ', 1946ರಲ್ಲಿ 'ವೈಶಾಖಿ' ಖಂಡಕಾವ್ಯಗಳು ಪ್ರಕಟವಾದವು. ಮೊದಲನೆಯದು ಏಸುಕ್ರಿಸ್ತನ ಕೊನೆಯ ದಿನದ ಕಥೆ. ಎರಡನೆಯದು ಭಗವಾನ್ ಬುದ್ಧನ ಕೊನೆಯ ದಿನದ ಕಥೆ. ಮಹಾತ್ಮರ ಹುಟ್ಟನ್ನು, ಪವಾಡಗಳನ್ನು ಹಾಡುವವರು ಬಹಳ ಮಂದಿ. ಪೈಗಳು ಆರಿಸಿಕೊಂಡದ್ದು ಅವರ ಅಂತ್ಯವನ್ನು. ಮನುಷ್ಯನ ನಿಜವಾದ ಬೆಲೆ ಸಾವಿನ ಎದುರು ತಿಳಿಯುತ್ತದೆ ಎಂಬುದನ್ನು ಈ ಆಯ್ಕೆಯೇ ನಮಗೆ ನೆನಪಿಸುತ್ತದೆ.

ಬುದ್ಧನ ಅಂತ್ಯದ ವೃತ್ತಾಂತ ನಾವೆಲ್ಲ ತಿಳಿಯತಕ್ಕದ್ದು. 80ನೆಯ ವಯಸ್ಸಿನಲ್ಲಿ, ಕುಶಿನಗರದ ಜೋಡಿ ಸಾಲವೃಕ್ಷಗಳ ನಡುವೆ ಆತ ಮಲಗಿದ್ದ. ಆ ರಾತ್ರಿ ಸುಭದ್ರನೆಂಬ ಪರಿವ್ರಾಜಕ ಸಂಶಯ ಕೇಳಲು ಬಂದ. ಗುರುಗಳಿಗೆ ಆಯಾಸವಾಗಿದೆಯೆಂದು ಶಿಷ್ಯ ಆನಂದ ತಡೆದ. ಬುದ್ಧನೋ ಅವನನ್ನು ಒಳಗೆ ಕರೆಸಿ ಉಪದೇಶ ಮಾಡಿದ. ಉಸಿರಿರುವ ಕಡೆಯ ಗಳಿಗೆಯೂ ಇನ್ನೊಬ್ಬರ ಉಪಯೋಗಕ್ಕೆ ಸಂದಿತು.

ಸಂಶೋಧನೆಯಲ್ಲೂ ಪೈಗಳದು ತಪಸ್ಸು. ರಾಜರ, ಕವಿಗಳ, ಧರ್ಮಾಚಾರ್ಯರ ಕಾಲವನ್ನು ಶಾಸನ ಪಂಚಾಂಗಗಳ ಆಧಾರದಿಂದ ಲೆಕ್ಕ ಹಾಕುತ್ತಿದ್ದರು. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯ ಪ್ರತಿಷ್ಠಾಪನೆಯ ದಿನವನ್ನು ಕುರಿತೂ ಬರೆದರು. ಅನ್ಯರ ದಿನಗಳನ್ನು ಹೀಗೆ ಎಣಿಸಿದವರು ತಮ್ಮ ದಿನಗಳನ್ನು ಪೋಲು ಮಾಡಲಿಲ್ಲ.

1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಬಿರುದನ್ನಿತ್ತು ಗೌರವಿಸಿತು. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿತು. ಗಡಿ ಬದಲಾದರೂ ಅವರ ಮನೆ ಮಂಜೇಶ್ವರದಲ್ಲೇ ಉಳಿಯಿತು, ಅವರ ಕನ್ನಡವೂ ಉಳಿಯಿತು. 1963ರ ಸೆಪ್ಟೆಂಬರ್ 6ರಂದು, ಬುದ್ಧನಂತೆಯೇ 80ನೆಯ ವಯಸ್ಸಿನಲ್ಲಿ, ಅವರು ಇಹಲೋಕ ತ್ಯಜಿಸಿದರು. ಅವರು ಕೂಡಿಟ್ಟ ಗ್ರಂಥರಾಶಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿಗೆ ಸಂದಿತು. ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಮಂಜೇಶ್ವರದ ಸರಕಾರಿ ಕಾಲೇಜು ಅವರ ಹೆಸರನ್ನು ಹೊತ್ತಿದೆ.

ಭಕ್ತ ಬಂಧುಗಳೇ, ನಮ್ಮಲ್ಲಿ ಅನೇಕರು ಅರುವತ್ತು ಕಳೆದವರಿದ್ದೇವೆ. ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ ಎಂದು ನಗುತ್ತಲೇ ದಿನ ದೂಡುತ್ತೇವೆ. ಪೈಗಳು 'ವೈಶಾಖಿ'ಯನ್ನು ಹೊರತಂದದ್ದು 63ನೆಯ ವಯಸ್ಸಿನಲ್ಲಿ ಎಂಬುದನ್ನು ಮರೆಯಬಾರದು. ನಮಗೆ ಕಾವ್ಯ ಬರೆಯಲು ಬಾರದಿರಬಹುದು. ಮೊಮ್ಮಕ್ಕಳಿಗೆ ಅಕ್ಷರ ಕಲಿಸಬಹುದು, ತಿಳಿದ ಹಾಡು ಹಸೆಗಳನ್ನು ಹೇಳಿಕೊಡಬಹುದು, ಮುನಿದ ದಾಯಾದಿಯ ಮನೆಗೆ ನಾವೇ ಮೊದಲು ಹೋಗಬಹುದು, ದೇವರ ಅಂಗಳದಲ್ಲಿ ಒಂದು ಸೇವೆಗೆ ಹೆಗಲು ಕೊಡಬಹುದು. ನಾಳೆಗೆಂದು ಇಟ್ಟದ್ದನ್ನು ಇಂದೇ ಮಾಡೋಣ. ದೀಪದಲ್ಲಿ ಎಣ್ಣೆ ಎಷ್ಟಿದೆಯೆಂದು ಬತ್ತಿಗೆ ತಿಳಿಯದು. ಇರುವಷ್ಟು ಹೊತ್ತು ಬೆಳಗುವುದೇ ಅದರ ಧರ್ಮ. ಶ್ರೀ ದೇವರು ನಮಗೆಲ್ಲರಿಗೂ ಆ ಬುದ್ಧಿಯನ್ನು ಕರುಣಿಸಲಿ.