ತನ್ನ ಹೆಸರು ಬಿಟ್ಟುಕೊಟ್ಟ ಓಲೆ

ಹೆಸರು ಓಲೆ. ತಾಳೆಗರಿಯ ಓಲೆನೂ ಅಲ್ಲ, ಕಿವಿಯೋಲೆನೂ ಅಲ್ಲ, ನಾರ್ವೆ ಕಡೆಯ ಹೆಸರು. ಪೂರ್ತಿ ಹೆಸರು ಓಲೆ ಎವಿನ್‌ರೂಡ್. ಮಲ್ಪೆಯಲ್ಲಿ ಸಣ್ಣ ದೋಣಿಗಳ ಹಿಂಬದಿಗೆ ಬಿಗಿದಿರೋ ಔಟ್‌ಬೋರ್ಡ್ ಮೋಟಾರ್ ನಾವೆಲ್ಲ ನೋಡಿದ್ದೀವಲ್ಲ, ಅದನ್ನ ಜನರ ಕೈಗೆ ತಲುಪಿಸಿದವರು ಇವರು. ಮುಂಚೆಯೂ ಕೆಲವರು ಮಾಡಿದ್ದರು, ಆದರೆ ವ್ಯಾಪಾರದಲ್ಲಿ ಗೆದ್ದು ನಿಂತಿದ್ದು ಇವರದ್ದು.

1877ರಲ್ಲಿ ಹುಟ್ಟಿ, ಚಿಕ್ಕವರಿದ್ದಾಗಲೇ ಮನೆಯವರ ಜೊತೆ ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದರು. 16ನೇ ವಯಸ್ಸಿಗೆ ವರ್ಕ್‌ಶಾಪ್ ಕೆಲಸಕ್ಕೆ ಸೇರಿದರು. ಕಾಲೇಜಿಲ್ಲ, ಇಂಟರ್ನಲ್ಸ್ ಇಲ್ಲ (ಪುಣ್ಯವಂತರು!), ಎಂಜಿನ್ ಬಗ್ಗೆ ತಾವೇ ಓದಿ ಕಲಿತರು. ಮಿಲ್ವಾಕಿಯಲ್ಲಿ ಪರಿಚಯವಾದ ಬೆಸ್ ಮುಂದೆ ಹೆಂಡತಿಯಾದರು. ಒಂದು ಪಿಕ್ನಿಕ್‌ನಲ್ಲಿ ಬೆಸ್‌ಗೆ ಐಸ್‌ಕ್ರೀಂ ತರೋಕೆ ಓಲೆ ಹುಟ್ಟು ಹಾಕಿಕೊಂಡು ಸರೋವರ ದಾಟಿದರಂತೆ, ವಾಪಸ್ ಬರೋಷ್ಟರಲ್ಲಿ ಅದು ಕರಗಿತ್ತಂತೆ. ಮೋಟಾರಿನ ಯೋಚನೆ ಹುಟ್ಟಿದ್ದು ಅಲ್ಲೇ ಅಂತಾರೆ. ಕಥೆಗೆ ಸ್ವಲ್ಪ ಮಸಾಲೆ ಬಿದ್ದಿರಬಹುದು.

1909ರಲ್ಲಿ ಮಾರಾಟಕ್ಕೆ ಬಂದ ಮೋಟಾರು ಒಂದೂವರೆ ಎಚ್‌ಪಿ, ಸುಮಾರು 28 ಕೆಜಿ, ಬೆಲೆ 62 ಡಾಲರ್. ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್. ಫ್ಲೈವೀಲ್ ಮೇಲಿನ ಹಿಡಿ ಹಿಡಿದು ಜೋರಾಗಿ ತಿರುಗಿಸಿದರೆ ಸ್ಟಾರ್ಟ್. ಇಷ್ಟು ಸರಳವಾಗಿರೋದಕ್ಕೇ ದಶಕಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಎವಿನ್‌ರೂಡ್‌ಗಳನ್ನೂ ಹವ್ಯಾಸಿಗಳು ಇವತ್ತಿಗೂ ಬದುಕಿಸ್ತಾರೆ. ಮೊದಲು ಪ್ಲಗ್ ಬಿಚ್ಚಿ ಒಳಗೆ ಎಣ್ಣೆ ಬಿಟ್ಟು ಕಾಯಬೇಕು. ಪಿಸ್ಟನ್ ಹಿಡಿದುಕೊಂಡಿದ್ರೆ ಬಲ ಹಾಕೋ ಹಾಗಿಲ್ಲ. ಆಮೇಲೆ ಕಂಪ್ರೆಷನ್ ಇದೆಯಾ, ಕಿಡಿ ಬರುತ್ತಾ, ಪೆಟ್ರೋಲ್ ಹರಿಯುತ್ತಾ ಅಂತ ನೋಡೋದು. ಕಿಡಿ ಇಲ್ಲದಿದ್ರೆ ಪಾಯಿಂಟ್ಸ್ ಉಜ್ಜಬೇಕು, ಕಾರ್ಬ್ಯುರೇಟರ್‌ನಲ್ಲಿ ಹಳೇ ಪೆಟ್ರೋಲ್ ಗೋಂದಿನ ಹಾಗೆ ಅಂಟಿಕೊಂಡಿದ್ರೆ ತೊಳೀಬೇಕು. ಪೆಟ್ರೋಲಿಗೆ ಎಣ್ಣೆ ಬೆರೆಸೋದು ಮರೆತರೆ ಕಥೆ ಮುಗೀತು. ಟ್ಯೂನಿಂಗ್ ಮಾಡೋವಾಗ ಕೆಳಭಾಗ ನೀರಿನ ಡ್ರಮ್‌ನಲ್ಲಿ ಮುಳುಗಿರಬೇಕು, ಯಾಕಂದ್ರೆ ಎಂಜಿನ್ ತಂಪಾಗೋದು ಆ ನೀರಿಂದಲೇ. ಕಾರ್ಬ್ಯುರೇಟರಿನ ಸೂಜಿಯನ್ನ ಸ್ವಲ್ಪ ಸ್ವಲ್ಪವೇ ತಿರುಗಿಸ್ತಾ ಶಬ್ದ ಕೇಳಬೇಕು.

ಓಲೆ ಎಂಜಿನ್ ನೋಡಿಕೊಂಡರೆ ಲೆಕ್ಕ, ಪತ್ರ, ಜಾಹೀರಾತು ಎಲ್ಲ ಬೆಸ್. ಕಂಪನಿ ಬೆಳೀತು, ಬೆಸ್ ಆರೋಗ್ಯ ಕೆಟ್ಟಿತು. 1914ರಲ್ಲಿ ಓಲೆ ತಮ್ಮ ಪಾಲನ್ನ ಪಾಲುದಾರನಿಗೆ ಮಾರಿಬಿಟ್ಟರು. ಐದು ವರ್ಷ ಈ ವ್ಯಾಪಾರಕ್ಕೆ ಇಳಿಯಬಾರದು ಅನ್ನೋದು ಷರತ್ತು. ಕಟ್ಟಿದ ಕಂಪನಿ ಮಾತ್ರ ಅಲ್ಲ, ಅದರ ಮೇಲಿದ್ದ ಸ್ವಂತ ಹೆಸರೂ ಹೋಯ್ತು. ನಮಗೆ ಅವರ ಎಂಜಿನ್‌ಗಿಂತ ದೊಡ್ಡದಾಗಿ ಕಾಣೋದು ಈ ತೀರ್ಮಾನವೇ.

ಗಡುವು ಮುಗಿದ ಮೇಲೆ ಓಲೆ ಅಲ್ಯೂಮಿನಿಯಂ ಬಳಸಿ, ಎರಡು ಸಿಲಿಂಡರಿನ ಹಗುರ ಮೋಟಾರ್ ಮಾಡಿದರು. 3 ಎಚ್‌ಪಿ, ಆದರೂ ಹಳೇದಕ್ಕಿಂತ ಕಮ್ಮಿ ತೂಕ. ಹಳೇ ಪಾಲುದಾರನಿಗೇ ಮೊದಲು ತೋರಿಸಿದರು, ಆತ ಬೇಡ ಅಂದ. ಎವಿನ್‌ರೂಡ್ ಹೆಸರು ಆ ಕಂಪನಿಯದ್ದಾದ್ದರಿಂದ, 1921ರಲ್ಲಿ ಎಲ್ಟೊ ಅಂತ ಹೊಸ ಕಂಪನಿ ತೆರೆದರು. ಎವಿನ್‌ರೂಡ್ ಲೈಟ್ ಟ್ವಿನ್ ಔಟ್‌ಬೋರ್ಡ್, ಇದರ ಮೊದಲಕ್ಷರಗಳೇ ಎಲ್ಟೊ. ಹೆಸರನ್ನ ಹೀಗೆ ಒಳಗೆ ಬಚ್ಚಿಟ್ಟಿದ್ದು ನಮಗಂತೂ ಮಜಾ ಅನ್ನಿಸ್ತು.

1929ರಲ್ಲಿ ಎಲ್ಟೊ ಮತ್ತು ಹಳೇ ಎವಿನ್‌ರೂಡ್ ಕಂಪನಿ ಒಂದಾದವು, ಓಲೆನೇ ಅಧ್ಯಕ್ಷರಾದರು. 1933ರಲ್ಲಿ ಬೆಸ್ ತೀರಿಕೊಂಡರು, ಮರುವರ್ಷ ಓಲೆ. ಆಮೇಲೆ ಕಂಪನಿ ನೋಡಿಕೊಂಡಿದ್ದು ಮಗ ರಾಲ್ಫ್.