ಅರ್ಧ ಇಂಚಿನ ಲೆಕ್ಕ

ಕಾರಿನ ಡಿಫರೆನ್ಷಿಯಲ್ ಬಗ್ಗೆ ಪರೀಕ್ಷೆಯಲ್ಲಿ ಹತ್ತು ಅಂಕದ ಉತ್ತರ ಬರೆಯುವುದು ಕಷ್ಟವಲ್ಲ. ಚಿತ್ರ ಬಿಡಿಸಿ, ಭಾಗಗಳ ಹೆಸರು ಗುರುತಿಸಿದರೆ ಅಂಕ ಬಂದೇ ಬರುತ್ತದೆ. ಆದರೆ ಅದನ್ನು ಬಿಚ್ಚಿ ಮತ್ತೆ ಜೋಡಿಸಿ ಎಂದರೆ ನಮ್ಮಂಥ ಬಿಇ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಮುಂದೆ ಬರುತ್ತೇವೆ? ಸುಮಾರು ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಶಾಲಾ ಹುಡುಗರು ಮನೆಯಲ್ಲೇ ಕುಳಿತು ಅದನ್ನು ಜೋಡಿಸುತ್ತಿದ್ದರು. ಅದಕ್ಕೆ ಬೇಕಾದ ಸಾಮಾನನ್ನು ಅವರ ಕೈಗೆ ಕೊಟ್ಟವರು ಎಂಜಿನಿಯರ್ ಅಲ್ಲ, ಮಾಂಸ ಆಮದು ಮಾಡುವ ವ್ಯಾಪಾರಿಯ ಬಳಿ ಲೆಕ್ಕ ಬರೆಯುತ್ತಿದ್ದ ಗುಮಾಸ್ತ. ಅವರ ಹೆಸರು ಫ್ರಾಂಕ್ ಹಾರ್ನ್‌ಬಿ.

ಹಾರ್ನ್‌ಬಿ ಹುಟ್ಟಿದ್ದು 1863ರ ಮೇ 15ರಂದು, ಲಿವರ್‌ಪೂಲ್‌ನಲ್ಲಿ. 16ನೇ ವಯಸ್ಸಿಗೆ ಶಾಲೆ ಬಿಟ್ಟು ತಂದೆಯ ವ್ಯಾಪಾರದಲ್ಲಿ ನಗದು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. 1887ರಲ್ಲಿ ಕ್ಲಾರಾ ಎಂಬ ಶಿಕ್ಷಕಿಯನ್ನು ಮದುವೆಯಾದರು. 1899ರಲ್ಲಿ ತಂದೆ ತೀರಿಕೊಂಡಾಗ ವ್ಯಾಪಾರವೂ ಮುಚ್ಚಿಹೋಯಿತು. ಹೆಂಡತಿ ಮಕ್ಕಳಿದ್ದ ಈ ಮನುಷ್ಯ 36ರ ವಯಸ್ಸಿನಲ್ಲಿ ಡೇವಿಡ್ ಎಲಿಯಟ್ ಎಂಬ ವ್ಯಾಪಾರಿಯ ಬಳಿ ಗುಮಾಸ್ತಿಕೆಗೆ ಹೋಗಬೇಕಾಯಿತು.

ಸಂಜೆ ಮನೆಗೆ ಬಂದ ಮೇಲೆ ಅವರು ತಗಡು ಕತ್ತರಿಸಿ ಗಂಡುಮಕ್ಕಳಾದ ರೋಲಂಡ್ ಮತ್ತು ಡಗ್ಲಸ್‌ಗೆ ಕ್ರೇನು, ಸೇತುವೆ, ಗಾಡಿಗಳ ಮಾದರಿ ಮಾಡಿಕೊಡುತ್ತಿದ್ದರು. ತೊಂದರೆ ಏನೆಂದರೆ, ಒಂದೊಂದು ಆಟಿಕೆಗೂ ಹೊಸದಾಗಿ ಭಾಗಗಳನ್ನು ಕತ್ತರಿಸಬೇಕಿತ್ತು. ಒಂದೇ ಭಾಗ ಇಂದು ಕ್ರೇನಿಗೂ ನಾಳೆ ಸೇತುವೆಗೂ ಆಗುವಂತಿದ್ದರೆ? ಈ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ತೀರಾ ಸರಳ. ಪಟ್ಟಿಗಳ ಅಗಲ ಅರ್ಧ ಇಂಚು. ಅವುಗಳ ಮೇಲೆ ಸಾಲಾಗಿ ತೂತುಗಳು. ತೂತಿನಿಂದ ತೂತಿಗೆ ಅರ್ಧ ಇಂಚು, ಎಲ್ಲ ಪಟ್ಟಿಗಳಲ್ಲೂ ಅದೇ ಅಳತೆ. ನಟ್ಟು ಬೋಲ್ಟು ಹಾಕಿದರೆ ಯಾವ ಭಾಗವಾದರೂ ಯಾವುದಕ್ಕಾದರೂ ಕೂಡುತ್ತದೆ. ಮೊದಮೊದಲು ನಟ್ಟು ಬೋಲ್ಟುಗಳನ್ನೂ ಅವರೇ ಮಾಡಿಕೊಂಡರು. ನಮ್ಮಲ್ಲಿ ಮೆಕ್ಯಾನಿಕ್ಸ್ ಸೆಟ್ಟಿನಲ್ಲಿ ಆಡಿ ಬೆಳೆದವರಿಗೆ ಆ ತೂತಿನ ಪಟ್ಟಿಗಳ ಪರಿಚಯ ಇದ್ದೇ ಇರುತ್ತದೆ.

ಪೇಟೆಂಟಿಗೆ ದುಡ್ಡಿರಲಿಲ್ಲ. ಎಲಿಯಟ್ ಅವರಿಂದಲೇ 5 ಪೌಂಡ್ ಸಾಲ ಪಡೆದು 1901ರ ಜನವರಿಯಲ್ಲಿ ಪೇಟೆಂಟ್ ಮಾಡಿಸಿದರು. ಮರುವರ್ಷ ಮೊದಲ ಸೆಟ್ಟುಗಳು ಮಾರಾಟಕ್ಕೆ ಬಂದವು. ಗುಮಾಸ್ತನ ಮಾತನ್ನು ಯಾರು ನಂಬುತ್ತಾರೆ? ಅವರು ಲಿವರ್‌ಪೂಲ್‌ನ ಎಂಜಿನಿಯರಿಂಗ್ ಪ್ರಾಧ್ಯಾಪಕ ಹೀಲ್-ಶಾ ಅವರಿಗೆ ತಮ್ಮ ಸೆಟ್ಟು ತೋರಿಸಿ ಮೆಚ್ಚುಗೆಯ ಪತ್ರ ಪಡೆದರು. ಪದವಿ ಇಲ್ಲದೆ ಗೆದ್ದವರ ಕಥೆ ಹೇಳುವಾಗ ಇಂಥ ವಿವರವನ್ನು ನಾವು ಬಿಟ್ಟುಬಿಡುತ್ತೇವೆ. ಕೈಯಲ್ಲಿ ಕೆಲಸವಿದ್ದರೂ ಅದು ಸರಿಯಾಗಿದೆ ಎಂದು ಹೇಳುವ ಬಲ್ಲವರೊಬ್ಬರು ಅವರಿಗೂ ಬೇಕಾಗಿದ್ದರು. 1903ರ ಹೊತ್ತಿಗೆ ಸುಮಾರು 1,500 ಸೆಟ್ಟುಗಳು ಮಾರಾಟವಾದರೂ ಲಾಭ ಬರಲಿಲ್ಲ. ಚೂರು ಲಾಭ ಕಂಡದ್ದು 1906ರಲ್ಲಿ. ಮೆಕ್ಯಾನೊ ಎಂಬ ಹೆಸರು ನೋಂದಣಿಯಾಗಿದ್ದು 1907ರಲ್ಲಿ. ಆಗ ಅವರಿಗೆ 44 ವರ್ಷ.

ಹಾರ್ನ್‌ಬಿ ಯುವಕರಾಗಿದ್ದಾಗಲೇ, 1886ರಲ್ಲಿ, ಜರ್ಮನಿಯ ಕಾರ್ಲ್ ಬೆಂಜ್ ತಮ್ಮ ಮೋಟಾರು ಗಾಡಿಗೆ ಪೇಟೆಂಟ್ ಪಡೆದಿದ್ದರು. ಇಂದು ನಾವು ವಿಂಟೇಜ್ ರ‍್ಯಾಲಿಗಳಲ್ಲಿ ನೋಡುವ ಕಾರುಗಳು ಆಗ ಹೊಸತು. ಅವು ಹೇಗೆ ಓಡುತ್ತವೆ ಎಂಬ ಕುತೂಹಲ ಹುಡುಗರಿಗೆ ಇದ್ದೇ ಇತ್ತು. ಮೆಕ್ಯಾನೊ ಕಂಪನಿಯ ಹೆಸರಾಂತ ಮಾದರಿಗಳಲ್ಲಿ ಒಂದು ಮೋಟಾರ್ ಚಾಸಿ. ಮೇಲ್ಕವಚ ಇಲ್ಲ, ಬಣ್ಣದ ಬಾಗಿಲಿಲ್ಲ. ಇರುವುದು ಬರಿಯ ಅಸ್ಥಿಪಂಜರ. ಆದರೆ ಕ್ಲಚ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಸ್ಟಿಯರಿಂಗ್ ಎಲ್ಲವೂ ನಿಜಕ್ಕೂ ಕೆಲಸ ಮಾಡುತ್ತವೆ. ಕಾರು ತಿರುಗುವಾಗ ಹೊರಗಿನ ಚಕ್ರ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಉರುಳಬೇಕು. ಎರಡಕ್ಕೂ ಒಂದೇ ಗಟ್ಟಿ ಅಚ್ಚು ಹಾಕಿದರೆ ಒಂದು ಚಕ್ರ ಉಜ್ಜಿಕೊಂಡು ಹೋಗುತ್ತದೆ. ಆ ಮಾದರಿಯ ಒಂದು ಚಕ್ರ ಹಿಡಿದು ಇನ್ನೊಂದನ್ನು ತಿರುಗಿಸಿದರೆ ಡಿಫರೆನ್ಷಿಯಲ್ ಏಕೆ ಬೇಕು ಎಂದು ಬೆರಳಿಗೇ ಗೊತ್ತಾಗುತ್ತದೆ.

ನನಗೆ ಬಹಳ ಇಷ್ಟವಾದದ್ದು ಇದರ ಹಿಂದಿನ ಗಣಿತ. ಒಂದು ತೂತು ಬಿಟ್ಟು ಮುಂದಿನದಕ್ಕೆ ಶಾಫ್ಟ್ ಹಾಕಿದರೆ ನಡುವಿನ ಅಂತರ ಸರಿಯಾಗಿ ಒಂದು ಇಂಚು. ಮೆಕ್ಯಾನೊದ 57 ಹಲ್ಲಿನ ಗೇರು ಮತ್ತು 19 ಹಲ್ಲಿನ ಪಿನಿಯನ್ ಆ ಒಂದು ಇಂಚಿನಲ್ಲಿ ಕಚ್ಚಿಕೊಳ್ಳುತ್ತವೆ. ವೇಗ ಮೂರನೇ ಒಂದಕ್ಕೆ ಇಳಿಯುತ್ತದೆ. 50 ಮತ್ತು 25 ಹಲ್ಲಿನ ಜೋಡಿಯೂ ಅದೇ ಅಂತರದಲ್ಲಿ ಕೂಡುತ್ತದೆ. ವೇಗ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಶಾಫ್ಟನ್ನು ಅತ್ತಿತ್ತ ಸರಿಸಿ ಒಂದು ಜೋಡಿ ಬಿಟ್ಟು ಇನ್ನೊಂದನ್ನು ಕಚ್ಚಿಸಿದರೆ ಅದೇ ಗೇರ್‌ಬಾಕ್ಸ್. ತಗಡಿನ ಮೇಲೆ ಗುಮಾಸ್ತರೊಬ್ಬರು ಹಾಕಿಕೊಂಡ ಅರ್ಧ ಇಂಚಿನ ನಿಯಮವನ್ನು ಕೊನೆವರೆಗೂ ಸಡಿಲಿಸದೆ ಇದ್ದದ್ದರಿಂದ ಇದು ಸಾಧ್ಯವಾಯಿತು. ನಾವು ಸ್ಟ್ಯಾಂಡರ್ಡೈಸೇಶನ್ ಎಂದು ಬಾಯಿಪಾಠ ಮಾಡುವುದು ಇದನ್ನೇ.

ಆದರೆ ಎಲ್ಲ ಮಕ್ಕಳಿಗೂ ಅಸ್ಥಿಪಂಜರ ಬೇಡ, ಕಾರಿನಂತೆ ಕಾಣುವ ಕಾರು ಬೇಕು. 1930ರ ದಶಕದ ಆರಂಭದಲ್ಲಿ ಕಂಪನಿ ಮೋಟಾರ್ ಕಾರ್ ಕನ್‌ಸ್ಟ್ರಕ್ಟರ್ ಎಂಬ ಸೆಟ್ಟು ತಂದಿತು. ಬಾಗಿದ ಮಡ್‌ಗಾರ್ಡು, ರೇಡಿಯೇಟರು, ಕೀಲಿ ಕೊಟ್ಟರೆ ಓಡುವ ಮೋಟಾರು ಇದ್ದ ಅಂದದ ಕಾರು. ಆದರೆ ಆ ಮಡ್‌ಗಾರ್ಡಿನಿಂದ ಕ್ರೇನು ಕಟ್ಟಲಾಗದು. ಅಂದ ಹೆಚ್ಚಿದಷ್ಟೂ ಭಾಗಗಳ ಸ್ವಾತಂತ್ರ್ಯ ಕಡಿಮೆಯಾಯಿತು. 1934ರಲ್ಲಿ ಬಂದ ಡಿಂಕಿ ಟಾಯ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಲೋಹವನ್ನು ಅಚ್ಚಿನಲ್ಲಿ ಎರಕ ಹೊಯ್ದು ಮಾಡಿದ ಪುಟ್ಟ ಕಾರುಗಳಲ್ಲಿ ಜೋಡಿಸುವ ಕೆಲಸವೇ ಇಲ್ಲ. ಹಾರ್ನ್‌ಬಿ ಆಟಿಕೆ ರೈಲುಗಳ ಪಕ್ಕದಲ್ಲಿ ನಿಲ್ಲಿಸಲೆಂದು ಹುಟ್ಟಿದ ಕಾರುಗಳಿವು. ಬ್ರಿಟನ್ನಿನ ಆ ರೈಲುಗಳಲ್ಲಿ ಒಂದು ಅಡಿಗೆ 7 ಮಿಲಿಮೀಟರ್ ಲೆಕ್ಕ. ಭಾಗಿಸಿ ನೋಡಿದರೆ ಸುಮಾರು 1:43. ಮೊದಲ ಡಿಂಕಿಗಳೆಲ್ಲ ಆ ಅಳತೆಗೆ ಸರಿಯಾಗಿ ಇರಲಿಲ್ಲ, ಆದರೂ ಹಳೆಯ ಕಾರುಗಳ ಮಾದರಿ ಮಾಡುವವರು ಇಂದಿಗೂ ಹೆಚ್ಚಾಗಿ ಬಳಸುವ ಅಳತೆಗಳಲ್ಲಿ 1:43 ಒಂದು.

ಹಾರ್ನ್‌ಬಿ ಕೋಟ್ಯಧೀಶರಾದರು, 1931ರಿಂದ 1935ರವರೆಗೆ ಸಂಸತ್ ಸದಸ್ಯರೂ ಆಗಿದ್ದರು. 1936ರ ಸೆಪ್ಟೆಂಬರ್ 21ರಂದು ತೀರಿಕೊಂಡರು. 1914ರಿಂದ ಬಿನ್ಸ್ ರಸ್ತೆಯಲ್ಲಿ ನಡೆದ ಕಾರ್ಖಾನೆ 1979ರಲ್ಲಿ ಬಾಗಿಲು ಹಾಕಿತು. ಅವರಲ್ಲಿ ನನಗೆ ಒಪ್ಪಿಗೆಯಾಗದ್ದೂ ಒಂದಿದೆ. ಮೆಕ್ಯಾನೊದ ಜಾಹೀರಾತುಗಳು ಎಂಜಿನಿಯರಿಂಗನ್ನು ಹುಡುಗರ ಆಟ ಎಂದೇ ಮಾರಿದವು. ಪೆಟ್ಟಿಗೆಯ ಮೇಲಿನ ಚಿತ್ರಗಳಲ್ಲಿ ಜೋಡಿಸುವ ಕೈಗಳು ಹುಡುಗರವೇ. ತರಗತಿಯಲ್ಲಿ ಮೆಕ್ಯಾನಿಕಲ್ ಓದುವ ಹುಡುಗಿಯರು ಇಂದಿಗೂ ಬೆರಳೆಣಿಕೆಯಷ್ಟು ಇರುವಾಗ, ನನ್ನಂಥವಳಿಗೆ ಆ ಚಿತ್ರಗಳು ಬರಿಯ ಹಳೆಯ ಕಾಲದ್ದೆಂದು ಅನ್ನಿಸುವುದಿಲ್ಲ. ತೂತುಗಳ ನಡುವಿನ ಅರ್ಧ ಇಂಚಿಗೆ ಆ ಭೇದ ಇರಲಿಲ್ಲ. ಭೇದ ಇದ್ದದ್ದು ಪೆಟ್ಟಿಗೆಯ ಮೇಲೆ.

ಅವರು ಬದುಕಿದ್ದಾಗಲೇ, 1934ರಲ್ಲಿ, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಡಗ್ಲಸ್ ಹಾರ್ಟ್ರಿ ಮತ್ತು ಅವರ ವಿದ್ಯಾರ್ಥಿ ಆರ್ಥರ್ ಪೋರ್ಟರ್ ಮೆಕ್ಯಾನೊ ಭಾಗಗಳಿಂದ ಡಿಫರೆನ್ಷಿಯಲ್ ಅನಲೈಸರ್ ಕಟ್ಟಿದರು. ಸುಮಾರು 20 ಪೌಂಡ್ ಖರ್ಚಿನಲ್ಲಿ ಕಟ್ಟಿದ ಆ ಯಂತ್ರ ಡಿಫರೆನ್ಷಿಯಲ್ ಸಮೀಕರಣಗಳನ್ನು ಬಿಡಿಸುತ್ತಿತ್ತು. ಮಕ್ಕಳ ಕಾರು ಓಡಿಸಿದ ಆಟಿಕೆಯ ಭಾಗಗಳೇ ಪರಮಾಣುವಿನ ಲೆಕ್ಕವನ್ನೂ ಮಾಡಿದವು. ಕೆಲಸ ಹುಡುಕುವಾಗ ನಮ್ಮ ಬಯೋಡೇಟಾದಲ್ಲಿ ಗೊತ್ತು ಎಂದು ಬರೆದುಕೊಳ್ಳುವ ವಿಷಯಗಳ ಪಟ್ಟಿ ಉದ್ದವಿರುತ್ತದೆ. ಅದರಲ್ಲಿ ಒಂದನ್ನಾದರೂ, ರಟ್ಟಿನಲ್ಲಾಗಲಿ ತಗಡಿನಲ್ಲಾಗಲಿ, ತಿರುಗುವ ಹಾಗೆ ಕಟ್ಟಿ ನೋಡಿದರೆ ಗೊತ್ತಿರುವುದೆಷ್ಟು ಎಂಬುದು ಅಲ್ಲೇ ತಿಳಿಯುತ್ತದೆ.